ನೆಲವನ್ನು ಕೇಳಿ ನೆಡುವ ಕಾಯಕ

ಚಾಮರಸ ಕವಿಯ ‘ಪ್ರಭುಲಿಂಗಲೀಲೆ’ಯನ್ನು ಪುರಾಣದ ಮನೆಯಲ್ಲಿ ಕುಳಿತು ಕೇಳಿದವರಿಗೆ ಗೊಗ್ಗಯ್ಯನೆಂಬ ತೋಟಿಗನ ಪ್ರಸಂಗ ನೆನಪಿರುತ್ತದೆ. ಲೋಕಸಂಚಾರ ಮಾಡುತ್ತ ಬಂದ ಅಲ್ಲಮಪ್ರಭುಗಳು ಅವನ ತೋಟಕ್ಕೆ ಬರುತ್ತಾರೆ. ಗಿಡಗಳ ಆರೈಕೆಯಲ್ಲಿ ಮುಳುಗಿದ್ದ ಅವನಿಗೆ ಒಳಗಿನ ತೋಟವೊಂದು ಇದೆ, ಅದನ್ನೂ ಬೆಳೆಸಬೇಕು ಎಂಬ ಅರಿವನ್ನು ಕೊಡುತ್ತಾರೆ. ಆ ತೋಟದ ನೆಲದಲ್ಲಿಯೇ ಹೂತುಹೋಗಿದ್ದ ಗುಡಿಯ ಕಲಶ ಕಾಣಿಸಿಕೊಂಡು, ಅಗೆದು ನೋಡಿದಾಗ ಒಳಗೆ ಲಿಂಗನಿರೀಕ್ಷಣೆಯಲ್ಲಿ ಕುಳಿತ ಅನಿಮಿಷಯೋಗಿಯ ದರ್ಶನವಾಗುತ್ತದೆ. ಪುರಾಣ ಹೇಳುವವರು ಅನಿಮಿಷನ ಮಹಿಮೆಯನ್ನು ವಿಸ್ತಾರವಾಗಿ ಬಣ್ಣಿಸುತ್ತಾರೆ. ಗೊಗ್ಗಯ್ಯನನ್ನು ಎರಡು ಮಾತಿನಲ್ಲಿ ದಾಟಿಬಿಡುತ್ತಾರೆ. ಆದರೆ ಅಷ್ಟು ದೊಡ್ಡ ಘಟನೆಗೆ ಕವಿಯು ಅರಮನೆಯನ್ನಾಗಲಿ ದೇಗುಲವನ್ನಾಗಲಿ ಆರಿಸದೆ, ಒಬ್ಬ ತೋಟಿಗನು ದುಡಿಯುವ ನೆಲವನ್ನೇ ಆರಿಸಿದನಲ್ಲ ಎಂಬುದನ್ನು ನಾವು ಗಮನಿಸಬೇಕು.

ಈ ಪ್ರಸಂಗವನ್ನು ಈಗ ನೆನೆಯಲು ಕಾರಣವಿದೆ. ನನ್ನ ತಮ್ಮನ ಮಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಆರು ವರ್ಷಗಳಿಂದ ಕೆಲಸ ಮಾಡುತ್ತಿದ್ದಾಳೆ. ಆಕೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ನಮ್ಮ ಮಾತಿನಲ್ಲಿ ಹೇಳುವುದಾದರೆ ಭೂದೃಶ್ಯ ವಿನ್ಯಾಸಕಿ. ಆಕೆಗೆ ಗಂಡು ನೋಡುವ ಮಾತುಕತೆ ನಡೆದಾಗ, ಶಿರಾ ಕಡೆಯ ಬೀಗರೊಬ್ಬರು, “ಅಷ್ಟೆಲ್ಲ ಓದಿಸಿ ಕಡೆಗೆ ಮಾಲಿ ಕೆಲಸಕ್ಕೆ ಕಳಿಸಿದಿರಾ?” ಎಂದು ನಗುತ್ತಲೇ ಕೇಳಿದರಂತೆ. ತಮ್ಮನು ಮುಖ ಚಿಕ್ಕದು ಮಾಡಿಕೊಂಡು ನನ್ನ ಬಳಿ ಬಂದು, “ಅಣ್ಣಾ, ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ” ಎಂದನು. ಅಂದು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಮಕ್ಕಳು ಇಂದು ಹಿರಿಯರಿಗೆ ಹೆಸರೇ ತಿಳಿಯದ ವೃತ್ತಿಗಳನ್ನು ಹಿಡಿಯುತ್ತಿದ್ದಾರೆ. ಅವರ ತಂದೆತಾಯಿಯರಿಗೂ ಇದು ಉಪಯೋಗವಾದೀತು.

ಮೊದಲು ಈ ವೃತ್ತಿಯ ಪರಿಚಯ. ಕಟ್ಟಡವನ್ನು ಕಟ್ಟುವವನು ವಾಸ್ತುಶಿಲ್ಪಿ; ಕಟ್ಟಡದ ಹೊರಗಿನ ನೆಲ, ನೀರು, ಮರ, ಹಾದಿ, ನೆರಳು, ಕಟ್ಟೆ ಇವುಗಳನ್ನೆಲ್ಲ ಒಂದು ಕ್ರಮಕ್ಕೆ ತರುವವನು ಭೂದೃಶ್ಯ ವಿನ್ಯಾಸಕ. ಅಮೆರಿಕದ ನ್ಯೂಯಾರ್ಕ್ ನಗರದ ಸೆಂಟ್ರಲ್ ಪಾರ್ಕಿಗೆ 1858ರಲ್ಲಿ ಫ್ರೆಡರಿಕ್ ಲಾ ಆಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬುವರ ನಕ್ಷೆ ಆಯ್ಕೆಯಾಯಿತು. ಈ ವೃತ್ತಿಗೆ ಇಂದಿನ ಹೆಸರು ರೂಢಿಯಾದದ್ದು ಅವರ ಕಾಲದಿಂದ. 1899ರಲ್ಲಿ ಆ ದೇಶದಲ್ಲಿ ಈ ವೃತ್ತಿಯವರ ಸಂಘವೂ ಸ್ಥಾಪನೆಯಾಯಿತು. ನಮ್ಮ ದೇಶದಲ್ಲಿ ದೆಹಲಿಯ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಯಲ್ಲಿ 1972ರಲ್ಲಿ ಇದರ ಸ್ನಾತಕೋತ್ತರ ವ್ಯಾಸಂಗ ಆರಂಭವಾಯಿತು. ಭಾರತದ ಭೂದೃಶ್ಯ ವಿನ್ಯಾಸಕರ ಸಂಘ ರೂಪುಗೊಂಡದ್ದು 2003ರಲ್ಲಿ. ಐದು ವರ್ಷ ವಾಸ್ತುಶಿಲ್ಪವನ್ನು ಓದಿ, ಅದರ ಮೇಲೆ ಎರಡು ವರ್ಷ ಇದನ್ನು ಓದಬೇಕು. ಆದುದರಿಂದ ಇದು ಸುಲಭದ ಹಾದಿಯಲ್ಲ.

ಹೆಸರು ಹೊಸದು, ಕೆಲಸ ಹೊಸದಲ್ಲ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ತೋಡಿಸಿದರು, ಗುಡಿ ಕಟ್ಟಿಸಿದರು, ಬರಡು ನೆಲವನ್ನು ಜನ ಬಾಳುವ ಕ್ಷೇತ್ರವನ್ನಾಗಿ ಮಾಡಿದರು. ಸೊಲ್ಲಾಪುರಕ್ಕೆ ಹೋದವರು ಅವರ ಹೆಸರಿನ ಕೆರೆಯನ್ನು ಇಂದಿಗೂ ನೋಡಬಹುದು. ಅಷ್ಟು ದೂರ ಹೋಗುವುದೂ ಬೇಡ. ಆ ಬೀಗರು ತಮ್ಮ ಊರಿನ ಚರಿತ್ರೆಯನ್ನೇ ನೆನೆದಿದ್ದರೆ ಸಾಕಾಗಿತ್ತು. 1687ರಲ್ಲಿ ಮೊಗಲರ ಸುಬಾದ ಕೇಂದ್ರವಾದ ಶಿರಾದಲ್ಲಿ ಹದಿನೆಂಟನೆಯ ಶತಮಾನದಲ್ಲಿ ದಿಲಾವರ್ ಖಾನನು ಸುಬೇದಾರನಾಗಿದ್ದನು. ಅಲ್ಲಿದ್ದ ಖಾನ್ ಬಾಗ್ ಎಂಬ ಉದ್ಯಾನವೇ ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗನ್ನು ರೂಪಿಸಲು ಮಾದರಿಯಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. 1760ರಲ್ಲಿ ಆರಂಭವಾದ ಆ ಲಾಲ್‌ಬಾಗಿಗೆ 1908ರಲ್ಲಿ ಜರ್ಮನಿಯ ಕೃಂಬಿಗಲ್ಲರು ಬಂದರು. ವರ್ಷದ ಒಂದಲ್ಲ ಒಂದು ತಿಂಗಳಲ್ಲಿ ಒಂದಲ್ಲ ಒಂದು ಬೀದಿಯ ಮರಗಳು ಹೂ ಬಿಡುವಂತೆ ಅವರು ಬೆಂಗಳೂರಿನ ಸಾಲುಮರಗಳನ್ನು ಯೋಜಿಸಿದರು. 1932ರಲ್ಲಿ ಅವರ ಸ್ಥಾನಕ್ಕೆ ಬಂದವರು ನಮ್ಮವರೇ ಆದ ಎಚ್. ಸಿ. ಜವರಾಯ ಅವರು. ಬರಗಾಲದ ಊರೆಂದು ಹೆಸರಾದ ಶಿರಾ ರಾಜಧಾನಿಗೆ ತೋಟದ ಮಾದರಿಯನ್ನು ಕೊಟ್ಟಿತ್ತೆಂಬುದು ನಮ್ಮ ಭಾಗದವರು ಹೆಮ್ಮೆಯಿಂದ ಮಕ್ಕಳಿಗೆ ಹೇಳಬೇಕಾದ ಸಂಗತಿ.

ಕಳೆದ ವರ್ಷ ಗ್ರಂಥಸಂಪಾದನೆಯ ಕೆಲಸಕ್ಕಾಗಿ ಹತ್ತು ದಿನ ಬೆಂಗಳೂರಿನಲ್ಲಿ ಉಳಿಯಬೇಕಾಗಿ ಬಂದಿತು. ಆಗ ಮಗಳು, “ದೊಡ್ಡಪ್ಪಾ, ಒಂದು ದಿನ ನಮ್ಮ ಆಫೀಸಿಗೆ ಬನ್ನಿ. ಬಂದು ನೋಡಿದರೆ ಅಪ್ಪನಿಗೆ ನೀವೇ ಹೇಳಬಹುದು” ಎಂದಳು. ಹೋದೆನು. ಹದಿನೈದು ಇಪ್ಪತ್ತು ಜನ ಕೆಲಸ ಮಾಡುವ ಸಾಧಾರಣ ಕಚೇರಿ. ಗೋಡೆಯ ತುಂಬ ನಕ್ಷೆಗಳು. ಒಂದು ಕಪಾಟಿನಲ್ಲಿ ಕಲ್ಲಿನ ತುಂಡುಗಳು, ಗಾಜಿನ ಸೀಸೆಗಳಲ್ಲಿ ಬಗೆಬಗೆಯ ಮಣ್ಣು, ಕಾಗದದ ಪೊಟ್ಟಣಗಳಲ್ಲಿ ಬೀಜ. ಮೂಲೆಯಲ್ಲಿ ಕೆಸರು ಮೆತ್ತಿದ ಬೂಟುಗಳ ಸಾಲು. ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕುಳಿತ ಹುಡುಗರೇ ಮಧ್ಯಾಹ್ನ ಆ ಬೂಟುಗಳನ್ನು ಹಾಕಿಕೊಂಡು ಕೆಲಸದ ನೆಲಕ್ಕೆ ಹೊರಡುತ್ತಾರೆ.

ಅವರ ಕೆಲಸದ ಕ್ರಮವನ್ನು ನಾನು ಕೇಳಿ ತಿಳಿದುಕೊಂಡೆನು. ಮೊದಲು ನೆಲದ ಮೋಜಣಿ. ಎಲ್ಲಿ ಎತ್ತರ, ಎಲ್ಲಿ ತಗ್ಗು, ಮಳೆನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸಮೋನ್ನತಿ ರೇಖೆಗಳಲ್ಲಿ ಗುರುತಿಸುತ್ತಾರೆ. ಆಮೇಲೆ ಮಣ್ಣಿನ ಪರೀಕ್ಷೆ. ಈಗಾಗಲೇ ಇರುವ ಮರಗಳ ಪಟ್ಟಿ: ಯಾವ ಮರ, ಎಷ್ಟು ಸುತ್ತಳತೆ, ಆರೋಗ್ಯ ಹೇಗಿದೆ. ಬಿಸಿಲು ಯಾವ ಹೊತ್ತಿನಲ್ಲಿ ಎಲ್ಲಿ ಬೀಳುತ್ತದೆ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ. ಇಷ್ಟೆಲ್ಲ ಆದ ಮೇಲೆ ನೀರಿನ ವಾಟ, ಹಾದಿ, ಕಟ್ಟೆ, ಕಡೆಗೆ ಗಿಡ. ನಾನು ಆಶ್ಚರ್ಯದಿಂದ, “ತೋಟ ಮಾಡುವವರು ಗಿಡವನ್ನು ಕಡೆಗೆ ಇಟ್ಟುಕೊಳ್ಳುತ್ತೀರಲ್ಲ ತಾಯಿ?” ಎಂದೆನು. ಆಕೆ, “ನೆಲವನ್ನು ಕೇಳದೆ ನೆಟ್ಟ ಗಿಡ ಒಂದು ಬೇಸಿಗೆ ಉಳಿಯುವುದಿಲ್ಲ ದೊಡ್ಡಪ್ಪ” ಎಂದಳು. ಶಿಷ್ಯನ ಸ್ಥಿತಿಯನ್ನು ನೋಡದೆ ಉಪದೇಶ ಮಾಡಬಾರದೆಂದು ಮಠದಲ್ಲಿ ನಮ್ಮ ಗುರುಗಳು ಹೇಳುತ್ತಿದ್ದುದು ನನಗೆ ಆಗ ನೆನಪಾಯಿತು.

ಈ ವೃತ್ತಿಯ ಕಷ್ಟವೂ ಅಲ್ಲಿಯೇ ಕಂಡಿತು. ಹಣ ಕೊಡುವ ಮಾಲೀಕರು ನೆಲವನ್ನು ಕೇಳುವವರೆಗೆ ಕಾಯುವುದಿಲ್ಲ. ಯಾವುದೋ ದೇಶದಲ್ಲಿ ಕಂಡ ಚಿತ್ರವನ್ನು ಫೋನಿನಲ್ಲಿ ತೋರಿಸಿ, “ಗೃಹಪ್ರವೇಶದ ಹೊತ್ತಿಗೆ ಹೀಗೆ ಆಗಬೇಕು” ಎನ್ನುತ್ತಾರೆ. ಹುಲ್ಲುಹಾಸು ಬೇಕು, ಹೊರದೇಶದ ತಾಳೆಮರ ಬೇಕು. ಮಗಳು ನನಗೆ ಒಂದು ಲೆಕ್ಕ ತೋರಿಸಿದಳು. ಬೇಸಿಗೆಯಲ್ಲಿ ಒಂದು ಚದರ ಮೀಟರ್ ಹುಲ್ಲುಹಾಸು ದಿನಕ್ಕೆ ನಾಲ್ಕೈದು ಲೀಟರ್ ನೀರು ಕುಡಿಯುತ್ತದೆ. ಹತ್ತು ಗುಂಟೆಯ ಹುಲ್ಲುಹಾಸೆಂದರೆ ಸುಮಾರು ಸಾವಿರ ಚದರ ಮೀಟರ್. ದಿನಕ್ಕೆ ನಾಲ್ಕೈದು ಸಾವಿರ ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು. ಆ ನೀರಿನ ಬದಲು ಹೊಂಗೆ, ಬೇವು, ಕಕ್ಕೆ, ಹಿಪ್ಪೆ ನೆಟ್ಟರೆ ಮೂರು ವರ್ಷ ಸಾಕಿದ ಮೇಲೆ ಅವೇ ನಮ್ಮನ್ನು ಸಾಕುತ್ತವೆ. ಈ ಮಾತನ್ನು ಹತ್ತು ಮಾಲೀಕರಿಗೆ ಹೇಳಿದರೆ ಇಬ್ಬರೋ ಮೂವರೋ ಒಪ್ಪುತ್ತಾರಂತೆ. ಉಳಿದವರಿಗೆ ಅವರು ಕೇಳಿದ್ದನ್ನೇ ಆದಷ್ಟು ಕಡಿಮೆ ಹಾನಿಯಾಗುವಂತೆ ಮಾಡಿಕೊಡಬೇಕು. ರಾತ್ರಿ ಎಂಟಾದರೂ ನಕ್ಷೆ ತಿದ್ದುತ್ತ ಕುಳಿತಿದ್ದ ಆ ಮಕ್ಕಳನ್ನು ಕಂಡು, ಹೊಟ್ಟೆಪಾಡಿಗೂ ಆತ್ಮಸಾಕ್ಷಿಗೂ ಜಗಳವಿಲ್ಲದ ಉದ್ಯೋಗ ಯಾವುದಿದೆ ಎಂದುಕೊಂಡೆನು.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಈ ವಿದ್ಯೆ ಬೆಂಗಳೂರಿಗಿಂತ ಹೆಚ್ಚು ಬೇಕು. ಪಾವಗಡ, ಶಿರಾಗಳಲ್ಲಿ ವರ್ಷದ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಪಾವಗಡದಲ್ಲಿ ಕೊಳವೆಬಾವಿಯ ನೀರಿನ ಫ್ಲೋರೈಡಿನಿಂದ ಹಲ್ಲು, ಮೂಳೆ ಕೆಟ್ಟ ಸಂಸಾರಗಳನ್ನು ನಾವೆಲ್ಲ ಕಂಡಿದ್ದೇವೆ. ಅಷ್ಟು ಕಡಿಮೆ ಮಳೆಯಾದರೂ ಒಂದು ಎಕರೆ ನೆಲದ ಮೇಲೆ ವರ್ಷಕ್ಕೆ 24 ಲಕ್ಷ ಲೀಟರ್ ನೀರು ಬೀಳುತ್ತದೆ. ಆ ನೀರು ನಿಲ್ಲುವಂತೆ ನೆಲವನ್ನು ತಿದ್ದುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕೆರೆ, ಗೋಕಟ್ಟೆ, ಗುಂಡುತೋಪು, ಅರಳಿಕಟ್ಟೆ, ಕಲ್ಯಾಣಿ ಇವೆಲ್ಲ ಅವರ ವಿನ್ಯಾಸಗಳೇ. ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ಹತ್ತಿದವರು ಬಂಡೆಯ ಮೇಲೆ ಬಿದ್ದ ಮಳೆನೀರನ್ನು ಹಿಡಿದಿಡಲು ಮಾಡಿದ ಏರ್ಪಾಡುಗಳನ್ನು ನೋಡಿರುತ್ತಾರೆ.

ಎಲ್ಲೆಂದರಲ್ಲಿ ಗಿಡ ನೆಡುವುದೇ ಪುಣ್ಯವೆಂದು ತಿಳಿಯುವುದೂ ಸರಿಯಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು ಕೃಷ್ಣಮೃಗಗಳ ಬೀಡು. 798 ಎಕರೆಯ ಆ ನೆಲವನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಯಿತು. ಅಲ್ಲಿ ಒತ್ತೊತ್ತಾಗಿ ಮರ ಬೆಳೆಸಿದರೆ ಬಯಲಿನಲ್ಲಿ ಓಡಿ ಬದುಕುವ ಆ ಪ್ರಾಣಿಗೆ ನೆಲೆಯೇ ತಪ್ಪುತ್ತದೆ. ಅಲ್ಲಿ ಬಯಲನ್ನು ಬಯಲಾಗಿ ಉಳಿಸುವುದೇ ವಿನ್ಯಾಸ. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿಯಾದರೋ ಊರ ನಡುವಿನ ಹುಣಸೆಮರಗಳೇ ಬಣ್ಣದ ಕೊಕ್ಕರೆಗಳಿಗೆ ಆಸರೆ. ಹುಣಸೆಹಣ್ಣಿನ ಆದಾಯವನ್ನು ಬದಿಗಿಟ್ಟು ಆ ಹಕ್ಕಿಗಳನ್ನು ಮನೆಯ ಮಕ್ಕಳಂತೆ ಕಾಯುವ ಆ ಊರಿನವರಿಗೆ ನಾನು ಶರಣೆನ್ನುತ್ತೇನೆ. ಇನ್ನು ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೌರವಿದ್ಯುತ್ ಕ್ಷೇತ್ರ 2018ರಲ್ಲಿ ಉದ್ಘಾಟನೆಯಾಯಿತು. ರೈತರು ಭೂಮಿಯನ್ನು ಮಾರದೆ ಗುತ್ತಿಗೆಗೆ ಕೊಟ್ಟದ್ದು, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಬಾಡಿಗೆ ಪಡೆದದ್ದು ಒಳ್ಳೆಯದೇ. ಆದರೆ ಭೂಮಿಯಿಲ್ಲದ ಕೂಲಿಯವರಿಗೆ, ಕುರಿ ಮೇಯಿಸುವವರಿಗೆ ಆ ನೆಲ ಕೈತಪ್ಪಿತು. ನೆಲವೆಂದರೆ ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ ಸೇರಿದ್ದಲ್ಲ. ಅದರ ಮೇಲೆ ನಡೆದಾಡುವ ಎಲ್ಲರ ಬದುಕೂ ಅದರಲ್ಲಿ ಸೇರಿರುತ್ತದೆ. ಇದನ್ನು ಮೊದಲೇ ಯೋಚಿಸುವವರಿಗೆ ವಿನ್ಯಾಸಕರೆಂಬ ಹೆಸರು ಸಲ್ಲುತ್ತದೆ.

ಈಗ ನಮ್ಮ ಊರಿನ ಸಂಗತಿಗೆ ಬರುತ್ತೇನೆ. ಕೊರಟಗೆರೆ ತಾಲ್ಲೂಕಿನ ನಮ್ಮ ಊರಿನಲ್ಲಿ ಒಂದು ಚಿಕ್ಕ ಮಠವಿದೆ. ಗದ್ದುಗೆಯ ಸುತ್ತ ಅರ್ಧ ಎಕರೆಯಷ್ಟು ಅಂಗಳ. ಅದರಲ್ಲಿ ಆರು ಹೊಂಗೆ, ಮೂರು ಬೇವು, ಪೂಜೆಗೆ ಪತ್ರೆ ಕೊಡುವ ಎರಡು ಬಿಲ್ವ, ಹಿಂಬದಿಯಲ್ಲಿ ದೊಡ್ಡ ಹುಣಸೆಮರ ಮತ್ತು ಒಂದು ಸೇದುವ ಬಾವಿ. ಎರಡು ವರ್ಷಗಳ ಹಿಂದೆ ಜಾತ್ರೆಯ ಪೂರ್ವಭಾವಿ ಸಭೆಯಲ್ಲಿ, ದಾನಿಗಳು ಹಣ ಕೊಡಲು ಮುಂದೆ ಬಂದಿದ್ದಾರೆ, ಮರಗಳನ್ನು ತೆಗೆದು ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಸಿ, ಮುಂದೆ ಹುಲ್ಲುಹಾಸು, ಕಾರಂಜಿ ಮಾಡೋಣ ಎಂಬ ಸಲಹೆ ಬಂದಿತು. ಸಮಿತಿಯ ಹಿರಿಯರೊಬ್ಬರು ನನಗೆ, “ಶಾಸ್ತ್ರಿಗಳೇ, ಎಲೆ ಗುಡಿಸಿ ಗುಡಿಸಿ ಸಾಕಾಗಿದೆ. ಟೈಲ್ಸ್ ಹಾಕಿಬಿಟ್ಟರೆ ನಾಲ್ಕು ಬಿಂದಿಗೆ ನೀರಿನಲ್ಲಿ ತೊಳೆದುಬಿಡಬಹುದು” ಎಂದರು. ಅವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಊರಿನ ಮಠ ಪಟ್ಟಣದ ಮಠದಂತೆ ಕಾಣಬೇಕೆಂಬ ಆಸೆ ಅವರದು. ನಾನು, “ಮನೆಯಲ್ಲಿಯೇ ಇದನ್ನು ಓದಿದ ಮಗಳಿದ್ದಾಳೆ. ಆಕೆ ಒಮ್ಮೆ ನೋಡಲಿ, ಆಮೇಲೆ ನಿಮ್ಮ ಇಷ್ಟ” ಎಂದೆನು.

ಆಕೆ ಮೂರು ದಿನ ರಜೆ ಹಾಕಿ ಬಂದಳು. ಮೊದಲ ದಿನ ಅಳತೆ. ಎರಡನೆಯ ದಿನ ಸುಮ್ಮನೆ ಕುಳಿತಳು. ಯಾರು ಎಲ್ಲಿ ಕುಳಿತುಕೊಳ್ಳುತ್ತಾರೆ, ದಾಸೋಹದ ದಿನ ಪಂಕ್ತಿ ಎಲ್ಲಿ ಬೀಳುತ್ತದೆ, ಎಲೆ ಎಲ್ಲಿ ಎಸೆಯುತ್ತಾರೆ, ರಥ ಎಲ್ಲಿ ತಿರುಗುತ್ತದೆ ಎಂದು ಕೇಳಿ ಬರೆದುಕೊಂಡಳು. ಅದೃಷ್ಟಕ್ಕೆ ಅಂದು ಸಂಜೆ ಮಳೆಯೂ ಬಂದಿತು. ಕೊಡೆ ಹಿಡಿದು ಅಂಗಳದಲ್ಲಿ ನಿಂತು, ನೀರು ಹರಿಯುವ ದಾರಿಯಲ್ಲಿ ಸುಣ್ಣದ ಕಲ್ಲುಗಳನ್ನಿಟ್ಟು ಗುರುತು ಮಾಡಿದಳು. ಅದನ್ನು ಕಂಡು ನಕ್ಕವರೂ ಇದ್ದರು.

ಮೂರನೆಯ ದಿನ ಸಭೆ. ಆಕೆ ಹೇಳಿದ್ದು ಇಷ್ಟು. ಹೊಂಗೆಯ ನೆರಳು ಹೋದರೆ ಟೈಲ್ಸಿನ ಮೇಲೆ ಚೈತ್ರ ವೈಶಾಖದಲ್ಲಿ ಬರಿಗಾಲಿನಲ್ಲಿ ನಡೆಯಲಾಗದು. ಅರ್ಧ ಎಕರೆಯ ಮೇಲೆ ಬೀಳುವ ವರ್ಷಕ್ಕೆ 12 ಲಕ್ಷ ಲೀಟರ್ ನೀರು ಈಗ ಒಂದಷ್ಟಾದರೂ ಬಾವಿಗೆ ಇಳಿಯುತ್ತಿದೆ, ಆಗ ಪೂರ್ತಿ ರಸ್ತೆಗೆ ಹೋಗುತ್ತದೆ. ಮರದ ಬುಡದವರೆಗೂ ಸಿಮೆಂಟು ಹಾಕಿದರೆ ಬೇರಿಗೆ ಗಾಳಿ, ನೀರು ತಪ್ಪಿ ಮರ ಒಣಗುತ್ತದೆ. ಇದೇ ಕಾರಣಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2013ರಲ್ಲಿ ದೆಹಲಿಯ ಮರಗಳ ಸುತ್ತ ಒಂದು ಮೀಟರಿನವರೆಗೆ ಕಾಂಕ್ರೀಟ್ ತೆಗೆಯುವಂತೆ ಆದೇಶಿಸಿತು ಎಂದೂ ತಿಳಿಸಿದಳು. ಅವಳ ಯೋಜನೆಯಲ್ಲಿ ರಥದ ಹಾದಿಗೆ ಮಾತ್ರ ಗಟ್ಟಿ ನೆಲಗಟ್ಟು, ಉಳಿದೆಡೆ ಮರಳಿನ ಮೇಲೆ ಕಲ್ಲಿನ ಚಪ್ಪಡಿ, ನಡುವೆ ನೀರು ಇಂಗಲು ಸಂದು, ಹೊಂಗೆಗಳಿಗೆ ಕಟ್ಟೆ, ನೆಲದ ವಾಟವೆಲ್ಲ ಬಾವಿಯ ಬಳಿಯ ಇಂಗುಗುಂಡಿಗೆ, ಉದುರಿದ ಎಲೆ ಮತ್ತು ಊಟದ ಎಲೆಗೆ ಗೊಬ್ಬರದ ಗುಂಡಿ.

ಚರ್ಚೆ ಬಿಸಿಯಾಯಿತು. ದಾನಿಗಳ ಹೆಸರಿನ ಫಲಕವನ್ನು ಇಂಗುಗುಂಡಿಗೆ ಹಾಕಲು ಆಗುತ್ತದೆಯೇ ಎಂದು ಒಬ್ಬರು ಕೇಳಿದರು. ಪತ್ರೆ ಆರಿಸಲು ದಿನವೂ ಬರುವ ವೃದ್ಧೆಯೊಬ್ಬರು, ಅದುವರೆಗೆ ಬಾಗಿಲ ಬಳಿ ಕುಳಿತಿದ್ದವರು, “ಅಲ್ರಪ್ಪಾ, ಜಾತ್ರೆ ಮೂರು ದಿನ. ನಾವು ಕೂರೋದು ವರ್ಷವೆಲ್ಲ” ಎಂದರು. ಸಭೆ ಸ್ವಲ್ಪ ಹೊತ್ತು ಮೌನವಾಯಿತು. ಕಡೆಗೆ ಎಲ್ಲವೂ ಆಕೆ ಹೇಳಿದಂತೆ ಆಗಲಿಲ್ಲ. ಮುಂಬಾಗಿಲಿಗೆ ಅಡ್ಡವಾಗಿದ್ದ ಎರಡು ಹೊಂಗೆಮರಗಳು ಹೋದವು. ಮುಂಭಾಗದಲ್ಲಿ ಟೈಲ್ಸ್ ಬಂದಿತು. ಆದರೆ ನಾಲ್ಕು ಹೊಂಗೆ, ಬೇವು, ಬಿಲ್ವ, ಹುಣಸೆ ಉಳಿದವು, ಕಾರಂಜಿಯ ಮಾತು ಬಿದ್ದುಹೋಯಿತು, ಇಂಗುಗುಂಡಿ ಆಯಿತು. ಹೋದ ಬೇಸಿಗೆಯಲ್ಲಿ ಊರಿನ ಕೊಳವೆಬಾವಿ ಕೈಕೊಟ್ಟಾಗ ಮಠದ ಬಾವಿಯಲ್ಲಿ ತಳದಲ್ಲಾದರೂ ನೀರಿತ್ತು, ದಾಸೋಹ ನಿಲ್ಲಲಿಲ್ಲ. ಎಲೆ ಗುಡಿಸುವುದು ಈಗಲೂ ಇದೆ. ಅದನ್ನು ಸಮಿತಿಯ ಹಿರಿಯರೂ ಒಂದೊಂದು ದಿನ ಮಾಡುತ್ತಾರೆ.

ಆಕೆ ಮಠದಿಂದ ಸಂಭಾವನೆ ತೆಗೆದುಕೊಳ್ಳಲಿಲ್ಲ. ಅದು ಆಕೆಯ ದಾಸೋಹ. ಆದರೆ ಕಲ್ಲು ಹಾಸಿದವರಿಗೆ, ಮಣ್ಣು ಹೊತ್ತ ಹೆಣ್ಣುಮಕ್ಕಳಿಗೆ ಪ್ರತಿ ಸಂಜೆಯೂ ಪೂರ್ತಿ ಕೂಲಿ ಕೊಡಬೇಕೆಂದು ಮೊದಲೇ ಮಾತು ಪಡೆದಿದ್ದಳು. “ಮಠದ ಕೆಲಸ, ಸ್ವಲ್ಪ ಕಡಿಮೆ ಮಾಡಿಕೊಳ್ಳಲಿ” ಎಂದವರಿಗೆ, “ನನ್ನ ದಾಸೋಹ ನಾನು ಮಾಡಬಹುದು, ಅವರ ದಾಸೋಹವನ್ನು ನಾವು ಬಲವಂತ ಮಾಡಬಾರದು” ಎಂದಳು. ಕಾಯಕ ಮತ್ತು ದಾಸೋಹಗಳ ಸಂಬಂಧವನ್ನು ನಾನು ಎಷ್ಟೋ ಉಪನ್ಯಾಸಗಳಲ್ಲಿ ವಿವರಿಸಿದ್ದೇನೆ. ಇಷ್ಟು ಸರಳವಾಗಿ ಹೇಳಿದವರನ್ನು ಕಂಡದ್ದು ಕಡಿಮೆ.

ಹೀಗಿರುವಾಗ ಮಾಲಿ ಕೆಲಸವೆಂಬ ಮಾತಿಗೆ ಏನು ಉತ್ತರ? ನಾನು ತಮ್ಮನಿಗೆ ಹೇಳಿದ್ದು ಇದು: “ಹೌದು, ಮಾಲಿ ಕೆಲಸವೇ ಎಂದು ತಲೆಯೆತ್ತಿ ಹೇಳು. ಬಟ್ಟೆ ಒಗೆದ ಮಾಚಯ್ಯನನ್ನೂ ಹಗ್ಗ ಹೊಸೆದ ಚಂದಯ್ಯನನ್ನೂ ಒಕ್ಕಲುತನ ಮಾಡಿದ ಮುದ್ದಣ್ಣನನ್ನೂ ಶರಣರೆಂದು ಪೂಜಿಸುವ ನಾವು, ಗಿಡಕ್ಕೆ ನೀರೆರೆಯುವವರನ್ನು ಕೀಳಾಗಿ ಕಂಡರೆ ನಮ್ಮ ಪೂಜೆಗೆ ಅರ್ಥವಿಲ್ಲ.” ಆ ಸಂಬಂಧ ಕೂಡಿಬರಲಿಲ್ಲ. ಮಗಳಾಗಲಿ ನಾವಾಗಲಿ ಅದಕ್ಕೆ ವ್ಯಥೆಪಡಲಿಲ್ಲ. ಆಕೆಯ ಕಾಯಕವನ್ನು ಗೌರವಿಸುವ ಮನೆ ಸಿಕ್ಕಾಗ ಮದುವೆಯಾದೀತು.

ವಾಚಕ ಬಂಧುಗಳಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಮಠ, ಗುಡಿ, ಶಾಲೆ, ಸಮುದಾಯ ಭವನಗಳ ಅಂಗಳಕ್ಕೆ ಸಿಮೆಂಟು ಹಾಕುವ ಮಾತು ಬಂದಾಗ ಒಂದು ಮಳೆಗಾಲ ತಾಳಿರಿ. ನೀರು ಎಲ್ಲಿ ಹರಿಯುತ್ತದೆಂದು ನೋಡಿರಿ. ಅಲ್ಲಿ ದಿನವೂ ಕುಳಿತುಕೊಳ್ಳುವ ಹಿರಿಯರನ್ನು, ಹೆಣ್ಣುಮಕ್ಕಳನ್ನು ಕೇಳಿರಿ. ಉದ್ಘಾಟನೆಗೆ ಎಷ್ಟು ಹಣವನ್ನು ಎತ್ತಿಡುತ್ತೀರೋ ಅಷ್ಟನ್ನೇ ಮೂರು ವರ್ಷದ ಪಾತಿ, ಗೊಬ್ಬರ, ನೀರಿಗೂ ಎತ್ತಿಡಿರಿ. ನೆಡುವವರು ಬಹಳ ಜನ, ಸಾಕುವವರು ಕೆಲವರೇ. ಮಕ್ಕಳು ಈ ವಿದ್ಯೆಯನ್ನು ಓದುತ್ತೇವೆಂದರೆ ಸಂತೋಷದಿಂದ ಕಳುಹಿಸಿರಿ; ಓದಿ ಬಂದ ಮೇಲೆ ಅವರನ್ನು ಒಮ್ಮೆ ಊರಿಗೆ ಕರೆದು ನಮ್ಮ ಒಣಗಿದ ಕಲ್ಯಾಣಿಗಳನ್ನು ತೋರಿಸಿರಿ. ಶಿರಾ, ಪಾವಗಡ, ಮಧುಗಿರಿ, ಕೊರಟಗೆರೆಗಳ ನೆಲಕ್ಕೆ ಅವರಿಂದ ಆಗಬೇಕಾದ ಕೆಲಸ ಬಹಳವಿದೆ.